ನಲಿನಿ ‘ಹೋಗುವುದನ್ನು’ ಕಲಿಸಿದ್ದು

ಆ ವಾರವೆಲ್ಲ ನಲಿನಿಯ ಕಾಲು ಒಂದು ಕಡೆ ನಿಲ್ಲಲಿಲ್ಲ. ಗಂಡ ಶಿವಶರಣಪ್ಪನನ್ನು ಫ್ಯಾಕ್ಟರಿಯವರು ಒರಿಸ್ಸಾಕ್ಕೆ ವರ್ಗ ಮಾಡಿದ್ದರು. ಅಲ್ಲಿ ಸಂಸಾರ ಇಡುವಂತಿಲ್ಲ. ಸೊಸೆಯನ್ನು ಬೀದರಿಗೆ ಕರೆದೊಯ್ಯಲು ಅತ್ತೆ ಗುರುಬಾಯಿ ಆಗಲೇ ಚಾರ್‌ಮಿನಾರಿನ ಊರಿನಲ್ಲಿದ್ದ ಇವರ ನಾಚಾರಂ ಮನೆಗೆ ಬಂದು ಕೂತಿದ್ದಳು. ಬೀದರಿನ ತುಂಬಿದ ಮನೆಯಲ್ಲಿ ರೊಟ್ಟಿ ಬಡಿಯುತ್ತ ನಲಿನಿ ಕಾಲೇಜಿನಲ್ಲಿ ಕಲಿತ ಫ್ರೆಂಚನ್ನೆಲ್ಲ ಮರೆಯಬೇಕಾಗುತ್ತಿತ್ತು. ಉಳಿದದ್ದು ಒಂದೇ ದಾರಿ. ನಾರಾಯಣಗೂಡದ ಹುಡುಗಿಯರ ಕಾಲೇಜಿಗೆ ಫ್ರೆಂಚ್ ಟೀಚರ್ ಬೇಕಾಗಿತ್ತು. ಫ್ರೆಂಚ್ ತಗೊಂಡರೆ ಮಾರ್ಕು ಸುರಿಯುತ್ತವೆಂದು ಇಂಟರ್ ಹುಡುಗಿಯರು ಅದಕ್ಕೇ ಮುಗಿಬೀಳುತ್ತಿದ್ದ ಕಾಲ ಅದು. ಸೋಮವಾರ ಪ್ರಿನ್ಸಿಪಾಲರ ಎದುರು ಒಂದು ಪಾಠ ಮಾಡಿ ತೋರಿಸಬೇಕು: ‘ಹೋಗು’ ಎಂಬ ಕ್ರಿಯಾಪದ, ಮೂರೂ ಕಾಲಗಳಲ್ಲಿ.

ಅದೊಂದು ಹಟಮಾರಿ ಕ್ರಿಯಾಪದ. ‘ಆಲೇ’ ಎಂದು ಅದರ ಹೆಸರು. ಹೋಗುತ್ತೇನೆ ಎನ್ನಲು ‘ಜ ವೇ’, ಹೋಗುತ್ತಿದ್ದೆ ಎನ್ನಲು ‘ಜಾಲೇ’, ನಾಳೆ ಹೋಗುವೆನು ಎನ್ನಲು ‘ಜಿರೇ’. ಒಂದೇ ತಾಯಿಯ ಮಕ್ಕಳು, ಒಬ್ಬರ ಮುಖ ಒಬ್ಬರಿಗಿಲ್ಲ. ಅಡುಗೆಮನೆಯಿಂದ ಅಂಗಳಕ್ಕೆ, ಅಂಗಳದಿಂದ ಅಡುಗೆಮನೆಗೆ ಸುತ್ತುತ್ತ ನಲಿನಿ ಬಾಯಿಪಾಠ ಮಾಡಿದಳು.

“ಏನವ್ವಾ ಅದು, ಮಂತ್ರಾ?” ಎಂದಳು ಗುರುಬಾಯಿ.

“ಹೋಗ್ತೀನಿ, ಹೋಗ್ತಿದ್ದೆ ಅನ್ನೋದ್ರಿ, ಅತ್ತಿ.”

“ದೀಪಾ ಹಚ್ಚೋ ಹೊತ್ತಿನ್ಯಾಗ ಹೋಗ್ತೀನಿ ಹೋಗ್ತೀನಿ ಅಂತಾರೇನ? ಹೋಗಿ ಬರ್ತೀನಿ ಅನ್ನು.”

“ಫ್ರೆಂಚ್ ಮಂದಿ ಹಂಗ ಅನ್ನಂಗಿಲ್ರಿ.”

“ಯಾಕ, ಅವರ ಮನ್ಯಾಗ ಹೇಳೋ ಹಿರೇರು ಇಲ್ಲೇನ?”

ವಾದಕ್ಕೆ ಪುರಸೊತ್ತಿರಲಿಲ್ಲ. ನಲಿನಿ ಪ್ರತಿ ಸಾಲಿನ ಕೊನೆಗೂ ‘ಎ ಜ ರವಿಯಾಂ’, ಅಂದರೆ ‘ತಿರುಗಿ ಬರುತ್ತೇನೆ’ ಎಂದು ಸೇರಿಸತೊಡಗಿದಳು. ಮುದುಕಿ ಸಮಾಧಾನದಿಂದ ದೀಪ ಹಚ್ಚಲು ಹೋದಳು. ನಲಿನಿಯ ನಾಲಿಗೆ ಮಾತ್ರ ಆ ಬಾಲವನ್ನು ಬಿಡಲಿಲ್ಲ.

ಸೋಮವಾರ ಪ್ರಿನ್ಸಿಪಾಲ್ ಸುಬ್ಬರಾಯರು ಕೊನೆಯ ಬೆಂಚಿನಲ್ಲಿ ಕೂತರು. ನಲಿನಿ ಫ್ರೆಂಚಿನಲ್ಲಿ ಮಾರ್ಕೆಟ್ಟಿಗೆ ಹೋದಳು, ತಿರುಗಿ ಬಂದಳು. ಪೋಸ್ಟಾಫೀಸಿಗೆ ಹೋದಳು, ತಿರುಗಿ ಬಂದಳು. ನಾಳೆ ಪ್ಯಾರಿಸ್ಸಿಗೆ ಹೋಗುವೆನೆಂದು ಭವಿಷ್ಯತ್ಕಾಲ ಹಿಡಿದಳು, ಅಲ್ಲಿಂದಲೂ ಬಂದೇಬಿಟ್ಟಳು. ಮುಂದಿನ ಬೆಂಚಿನ ಹುಡುಗಿ ಕಿಸಕ್ಕೆಂದು ನಕ್ಕು ತೆಲುಗಿನಲ್ಲಿ ಕೇಳಿದಳು: “ಮೇಡಂ, ಎಲ್ಲಿಗೆ ಹೋದರೂ ವಾಪಸು ಬರಲೇಬೇಕಾ?”

ಸುಬ್ಬರಾಯರು ಕನ್ನಡಕ ತೆಗೆದರು. ನಲಿನಿಗೆ ಬೀದರಿನ ಬಸ್ಸೇ ಎದುರು ಬಂದು ನಿಂತಂತಾಯಿತು. ಏನೋ ಹೊಳೆದು ಆ ಹುಡುಗಿಯನ್ನೇ ಕೇಳಿದಳು: “ಬೆಳಿಗ್ಗೆ ಮನೆ ಬಿಡುವಾಗ ಅಮ್ಮನಿಗೆ ಏನಂದೆ?”

“ವೆಳ್ಳೊಸ್ತಾ ಅಂದೆ.”

“ಅಂದರೆ ಹೋಗಿ ಬರುತ್ತೇನೆ ಅಂತಲೇ. ನಮ್ಮ ಮನೆಯಲ್ಲೂ ಹಾಗೇ. ಫ್ರೆಂಚರು ಬರೀ ಹೋಗುತ್ತಾರೆ. ಪರೀಕ್ಷೆಯಲ್ಲಿ ನೀವೂ ಬರೀ ಹೋಗಿ!”

ಕ್ಲಾಸು ಗೊಳ್ಳೆಂದಿತು. ಒಬ್ಬೊಬ್ಬಳೂ ಎದ್ದು ಕೋಠಿಗೆ, ಚಾರ್‌ಮಿನಾರಿಗೆ, ಅಜ್ಜಿಯ ಮನೆಗೆ ‘ಜ ವೇ’, ‘ಜಿರೇ’ ಎನ್ನುವಷ್ಟರಲ್ಲಿ ಗಂಟೆ ಹೊಡೆಯಿತು.

“ಭೂತಕಾಲ ಉಳಿದೇ ಹೋಯಿತಲ್ಲಮ್ಮಾ,” ಎಂದರು ಸುಬ್ಬರಾಯರು. “ಸದ್ಯಕ್ಕೆ ಮೂರು ತಿಂಗಳು ಬನ್ನಿ. ಕಾಯಂ ಮಾಡುವುದನ್ನು ಆಮೇಲೆ ನೋಡೋಣ.”

ಮನೆಗೆ ಬಂದವಳೇ ಹೇಳಿದಳು: “ಅತ್ತಿ, ಕೆಲಸ ಸಿಕ್ತರಿ. ನಾ ಇಲ್ಲೇ ಇರ್ತೀನಿ.”

“ಹೆಣ್ಣಮಗಳು ಒಬ್ಬಾಕಿನ ಹ್ಯಾಂಗ ಇರ್ತಿ?”

“ಇರ್ತೀನ್ರಿ. ಮೂರ ತಿಂಗಳಾ ಕೊಟ್ಟಾರ.”

ಗುರುಬಾಯಿ ಎಲೆಗೆ ಸುಣ್ಣ ಹಚ್ಚಿ, ಮಡಚಿ ಬಾಯಿಗಿಟ್ಟುಕೊಂಡಳು. “ಹಂಗಾರ ನಾನೂ ಇರ್ತೀನಿ. ಮೂರ ತಿಂಗಳಾ ಅಲ್ಲೇನ? ಮುಗೀತಂದ್ರ ಇಬ್ಬರೂ ಕೂಡೇ ಬೀದರಿಗೆ.”

ನಲಿನಿ ಉಟ್ಟ ಸೀರೆಯನ್ನೂ ಬದಲಿಸದೆ ನಾಳೆಯ ಭೂತಕಾಲದ ಪಾಠ ಶುರುಮಾಡಿದಳು.