ಅಣ್ಣಯ್ಯನ ಫಟಫಟಿ, ಅಮ್ಮನ ಒಳಲೆ

ಮೊಮ್ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಮಗುವಿಗೆ ಔಷಧಿ ಕುಡಿಸಲು ಹಳೆಯ ಒಳಲೆ ಇದ್ದರೆ ಕೊಡು ಅಜ್ಜಿ ಎಂದಳು. ಟ್ರಂಕಿನ ತಳದಲ್ಲಿ, ಸೀರೆಯ ಮಡಿಕೆಯೊಳಗೆ ಅದು ಇದ್ದೇ ಇತ್ತು. ಹಿತ್ತಾಳೆಯದು, ಅಂಗೈಯಲ್ಲಿ ಕೂರುವಷ್ಟು, ಒಂದು ಕಡೆ ಮಾತ್ರ ಹಕ್ಕಿಯ ಕೊಕ್ಕಿನಂತೆ ಮೂತಿ. ಮೂಗಿನ ಹತ್ತಿರ ಹಿಡಿದೆ. ಮೋಟಾರ್ ಎಣ್ಣೆಯ ವಾಸನೆ ಬಂತು.

ಅರವತ್ತು ವರ್ಷದ ಮೇಲೆ ವಾಸನೆ ಎಲ್ಲಿ ಉಳಿಯುತ್ತದೆ. ಆದರೂ ಬಂತು. ಟ್ರಂಕಿನ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವಳು, ಬರೆದು ಅಭ್ಯಾಸವಿಲ್ಲ. ಆದರೆ ಬಾಯಲ್ಲಿ ಹೇಳಲಾಗದ್ದನ್ನು ಬರೆದಾದರೂ ಇಡಬೇಕು ಎನ್ನಿಸಿದೆ.

ನಾನು ಬೆಳೆದದ್ದು ಶಿಡ್ಲಘಟ್ಟದಲ್ಲಿ. ಅಪ್ಪ ಬೇಗ ಹೋದ. ಮನೆಯಲ್ಲಿ ಅಮ್ಮ, ಅಣ್ಣಯ್ಯ, ನಾನು. ರೇಷ್ಮೆ ಗೂಡಿನಿಂದ ನೂಲು ಬಿಚ್ಚುವುದೇ ನಮ್ಮ ಜೀವನ. ಅಮ್ಮ ಕುದಿಯುವ ನೀರಿನ ಮುಂದೆ ಕೂತು ಗೂಡಿನ ಎಳೆ ಹಿಡಿದು ಕೊಡುವಳು, ನಾನು ಚರಕದ ಚಕ್ರ ತಿರುಗಿಸುವೆ. ಬೆಳಿಗ್ಗೆ ಶುರುವಾದರೆ ಸಂಜೆಯವರೆಗೆ ಅದೇ. ಸತ್ತ ಹುಳದ ವಾಸನೆ ನಮ್ಮ ತಲೆಗೂದಲಲ್ಲೂ ಇರುತ್ತಿತ್ತು.

ಅಣ್ಣಯ್ಯನ ಕೆಲಸ ಬೇರೆ. ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಿಂದ ಮೊಟ್ಟೆಯ ಹಾಳೆಗಳನ್ನು ತೆಗೆದುಕೊಂಡು ಹೋಗಿ ಹಳ್ಳಿಗಳ ರೈತರಿಗೆ ಮುಟ್ಟಿಸುವುದು. ಸಾಸಿವೆಗಿಂತ ಸಣ್ಣ ಮೊಟ್ಟೆಗಳು, ಹಾಳೆಗೆ ಅಂಟಿಕೊಂಡಿರುತ್ತವೆ. ಬಿಸಿಲು ಏರುವ ಮುಂಚೆ ತಲುಪಬೇಕು. ಶೆಖೆ ತಾಗಿದರೆ ಒಳಗಿನ ಜೀವ ಸಾಯುತ್ತದೆ. ಅಣ್ಣಯ್ಯ ಮೊದಲು ಇದನ್ನು ಸೈಕಲ್ಲಿನಲ್ಲಿ ಮಾಡುತ್ತಿದ್ದ, ಹತ್ತಿರದ ಊರುಗಳಿಗೆ ಮಾತ್ರ. ಗೌರಿಬಿದನೂರಿನ ಕಡೆಯ ಊರುಗಳಿಗೂ ಹೋಗಬಲ್ಲವರಿದ್ದರೆ ಕೆಲಸ ಖಾಯಂ ಮಾಡುತ್ತೇವೆ ಎಂದು ಕೋಠಿಯವರು ಹೇಳಿದಾಗ ಅವನ ತಲೆಯಲ್ಲಿ ಹುಳ ಹೊಕ್ಕಿತು.

ಚಿಂತಾಮಣಿಯ ಒಬ್ಬ ವ್ಯಾಪಾರಿಯ ಹಿತ್ತಲಲ್ಲಿ ಒಂದು ಸಣ್ಣ ಮೋಟಾರ್ ಸೈಕಲ್ ಕೆಟ್ಟು ನಿಂತಿತ್ತು. ಕೋಳಿಗಳು ಅದರ ಸೀಟಿನ ಮೇಲೆ ಕೂರುತ್ತಿದ್ದವಂತೆ. ಅಣ್ಣಯ್ಯ ಆ ವ್ಯಾಪಾರಿಯ ಮೂಟೆಗಳನ್ನು ಒಂದು ಸುಗ್ಗಿ ಪೂರ್ತಿ ಹೊತ್ತು ಅದಕ್ಕೆ ಬದಲಾಗಿ ಗಾಡಿ ಪಡೆದ. ಎತ್ತಿನ ಬಂಡಿಯ ಮೇಲೆ ಅದನ್ನು ಮಲಗಿಸಿಕೊಂಡು ಮನೆಗೆ ತಂದ ದಿನ ಬೀದಿಗೆ ಬೀದಿಯೇ ನಿಂತು ನೋಡಿತು.

"ಏನಯ್ಯಾ, ಇದರ ಮೇಲೆ ನೀನು ಕೂರ್ತೀಯೋ, ನಿನ್ನ ಮೇಲೆ ಇದು ಕೂರುತ್ತೋ?" ಎಂದರು ಎದುರುಮನೆಯವರು.

"ಸರದಿ ಮೇಲೆ ಕಣಣ್ಣೋ," ಎಂದ ಅಣ್ಣಯ್ಯ.

ಅದಕ್ಕೆ ಜೀವ ಬರಿಸಿದ್ದು ಅಲೀಪುರದಿಂದ ಬರುತ್ತಿದ್ದ ಒಬ್ಬ ಮೆಕ್ಯಾನಿಕ್ ಸಾಹೇಬರು. ಅವರು ರಿಪೇರಿ ಮಾಡುವಾಗ ಅಣ್ಣಯ್ಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಎಲ್ಲ ಕಲಿತ. ಆಮೇಲೆ ಯಾರ ಕೈಗೂ ಕೊಡಲಿಲ್ಲ. ಪ್ಲಗ್ಗಿನ ಮಸಿಯನ್ನು ಹಳೆಯ ಬ್ಲೇಡಿನಿಂದ ಕೆರೆಯುತ್ತಿದ್ದ. ಟೈರು ಸವೆದು ಸೀಳಿದ ಕಡೆ ಒಳಗಿನಿಂದ ಲಾರಿ ಟೈರಿನ ತುಂಡು ಕೊಟ್ಟು ಓಡಿಸುತ್ತಿದ್ದ. ಹಾರ್ನ್ ಇರಲಿಲ್ಲ, ಸೈಕಲ್ ಬೆಲ್ ಕಟ್ಟಿದ್ದ. ಇಳಿಜಾರು ಸಿಕ್ಕರೆ ಇಂಜಿನ್ ಆರಿಸಿ ಸುಮ್ಮನೆ ಉರುಳಿಸಿಕೊಂಡು ಹೋಗುತ್ತಿದ್ದ. ಪೆಟ್ರೋಲನ್ನು ನಮ್ಮ ಮನೆಯ ರೇಷ್ಮೆ ಚಿಂದಿಯಲ್ಲಿ ಸೋಸಿಯೇ ಟ್ಯಾಂಕಿಗೆ ಹಾಕುವುದು. "ಮಹಾರಾಜರ ಕಾರಿಗೂ ರೇಷ್ಮೇಲಿ ಸೋಸಿ ಹಾಕಲ್ಲ ಕಣಮ್ಮಯ್ಯ," ಎಂದು ನನ್ನ ಹತ್ತಿರ ಜಂಬ ಕೊಚ್ಚುತ್ತಿದ್ದ.

ಆ ಗಾಡಿಗೆ ಬರೀ ಪೆಟ್ರೋಲ್ ಹಾಕುವಂತಿರಲಿಲ್ಲ. ಇಂಜಿನ್ ಎಣ್ಣೆಯನ್ನು ಅದರಲ್ಲೇ ಬೆರೆಸಬೇಕು, ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಅಳತೆಗೆ ಅವನು ಹುಡುಕಿ ಹಿಡಿದದ್ದು ಈ ಒಳಲೆ. ಒಂದು ಡಬ್ಬ ಪೆಟ್ರೋಲಿಗೆ ಇಷ್ಟು ಒಳಲೆ ಎಣ್ಣೆ ಎಂದು ಲೆಕ್ಕ ಹಾಕಿಕೊಂಡಿದ್ದ. ಮೊದಲ ದಿನ ಅಮ್ಮ ಕೂಗಾಡಿದಳು.

"ನೀವಿಬ್ರೂ ಹಾಲು ಕುಡಿದ ಒಳಲೆ ಕಣೋ ಅದು! ಅದ್ರಲ್ಲಿ ಮೋಟಾರಿನ ಎಣ್ಣೆ ಅಳೀತೀಯಲ್ಲೋ!"

"ಇದೂ ಮಗೂನೇ ಅಮ್ಮ. ಅಳತೆ ತಪ್ಪಿದ್ರೆ ಹೊಟ್ಟೆ ಕೆಡುತ್ತೆ."

ಅಮ್ಮ ಬೈಯುತ್ತಲೇ ನಕ್ಕಳು. ಒಳಲೆ ಅಂದಿನಿಂದ ಗೋಡೆಯ ಗೂಡಿನಲ್ಲಿ ಎಣ್ಣೆ ಸೀಸೆಯ ಪಕ್ಕ ಕೂತಿತು.

ಮುಚ್ಚಿದ ಡಬ್ಬದ ಎಣ್ಣೆ ದುಬಾರಿ. ಚಿಕ್ಕಬಳ್ಳಾಪುರದ ಒಂದು ಅಂಗಡಿಯಲ್ಲಿ ಚಿಲ್ಲರೆಯಾಗಿ ಅಳೆದು ಕೊಡುತ್ತಿದ್ದರು, ಅಲ್ಲಿಂದಲೇ ಸೀಸೆಯಲ್ಲಿ ತರುತ್ತಿದ್ದ. ತಂದದ್ದು ಎಷ್ಟು ದಿನ ಬರುತ್ತದೆ ಎಂದು ತಿಳಿಯಲು ಸೀಸೆಯ ಸುತ್ತ, ಎಣ್ಣೆಯ ಮಟ್ಟಕ್ಕೆ ಸರಿಯಾಗಿ, ಒಂದು ರೇಷ್ಮೆ ನೂಲು ಕಟ್ಟುತ್ತಿದ್ದ. ಪ್ರತಿ ಸಲ ಎಣ್ಣೆ ತೆಗೆದ ಮೇಲೆ ನೂಲನ್ನು ಕೆಳಕ್ಕೆ ಜಾರಿಸುವುದು.

ನನ್ನ ತಪ್ಪು ಆ ಸೀಸೆಯಿಂದ ಶುರುವಾಯಿತು.

ನಮ್ಮ ಚರಕದ ಅಚ್ಚಿಗೆ ನಾವು ಹೊಂಗೆ ಎಣ್ಣೆ ಬಿಡುತ್ತಿದ್ದೆವು. ದೀಪಕ್ಕೂ ಅದೇ, ಚರಕಕ್ಕೂ ಅದೇ. ನೀರಾವಿ, ಧೂಳು ಸೇರಿ ಅದು ಮಧ್ಯಾಹ್ನದ ಹೊತ್ತಿಗೆ ಜಿಗುಟಾಗಿ, ಚಕ್ರ ಭಾರವಾಗುತ್ತಿತ್ತು. ನನಗಾಗ ಹದಿನಾಲ್ಕೋ ಹದಿನೈದೋ. ಸಂಜೆಗೆ ಭುಜ ಎತ್ತಲು ಆಗುತ್ತಿರಲಿಲ್ಲ. ಒಂದು ದಿನ ಅಣ್ಣಯ್ಯನ ಸೀಸೆಯಿಂದ ಎರಡು ಬೊಟ್ಟು ಅಚ್ಚಿಗೆ ಬಿಟ್ಟೆ. ಚಕ್ರ ತಾನೇ ತಾನಾಗಿ ತಿರುಗಿತು... ಬೆರಳಲ್ಲಿ ತಳ್ಳಿದರೆ ಸಾಕು.

"ಏನೇ ಇವತ್ತು ಕೈ ಇಷ್ಟು ಹಗುರ?" ಎಂದಳು ಅಮ್ಮ. ನನಗೆ ಹೆಮ್ಮೆಯಾಯಿತು. ಮಾರನೆಯ ದಿನ ಮತ್ತೆ ಬಿಟ್ಟೆ, ಇನ್ನೂ ಧಾರಾಳವಾಗಿ. ಅದರ ಮಾರನೆಯ ದಿನವೂ. ವಾರದಲ್ಲಿ ಎಣ್ಣೆ ನೂಲಿಗಿಂತ ಕೆಳಗೆ ಇಳಿದಿತ್ತು. ಹೆದರಿ, ದೀಪದ ಬುಡ್ಡಿಯಿಂದ ಹೊಂಗೆ ಎಣ್ಣೆ ಬಗ್ಗಿಸಿ ನೂಲಿನ ಮಟ್ಟಕ್ಕೆ ಸರಿ ಮಾಡಿದೆ. ಎರಡೂ ಕಂದು ಬಣ್ಣ, ಕುಲುಕಿದರೆ ಒಂದರಲ್ಲಿ ಒಂದು ಸೇರಿಹೋಯಿತು. ಎಣ್ಣೆ ಎಂದರೆ ಎಣ್ಣೆ ಎಂದುಕೊಂಡಿದ್ದೆ. ಆಮೇಲೆ ಅದೇ ಅಭ್ಯಾಸವಾಯಿತು. ದಿನಾ ತೆಗೆಯುವುದು, ದಿನಾ ತುಂಬುವುದು. ಒಂದೂವರೆ ತಿಂಗಳು ಹಾಗೇ ನಡೆಯಿತು.

ಕೇಳಿದ್ದರೆ ಕೊಡುತ್ತಿದ್ದ. ಇದನ್ನು ನಾನು ಎಷ್ಟು ಸಲ ನನಗೇ ಹೇಳಿಕೊಂಡಿದ್ದೇನೋ... ನನ್ನ ಭುಜ ನೋಯುತ್ತದೆ ಎಂದಿದ್ದರೆ ಸೀಸೆಯನ್ನೇ ಕೈಗಿಡುತ್ತಿದ್ದ.

ಬೇಸಿಗೆ ಬಂತು. ಒಂದು ಬೆಳಿಗ್ಗೆ ಗೌರಿಬಿದನೂರಿನ ಕಡೆಯ ಮೂರು ಹಳ್ಳಿಗಳಿಗೆ ಮೊಟ್ಟೆ ಒಯ್ಯಬೇಕಿತ್ತು. ಇದೊಂದು ಸುತ್ತು ಸರಿಯಾಗಿ ಮುಗಿಸಿದರೆ ಕೋಠಿಯವರು ಕೆಲಸ ಖಾಯಂ ಮಾಡುವುದಾಗಿ ಹೇಳಿದ್ದರು. ಬಿದಿರಿನ ಪೆಟ್ಟಿಗೆಗೆ ಒದ್ದೆ ಬಟ್ಟೆ ಸುತ್ತಿ, ಒಳಗೆ ಮೊಟ್ಟೆಯ ಹಾಳೆಗಳನ್ನು ಜೋಡಿಸಿ ಗಾಡಿಯ ಹಿಂದೆ ಕಟ್ಟಿದ. ನಾಲ್ಕೈದು ಸಲ ಒದ್ದ ಮೇಲೆ ಗಾಡಿ ಶುರುವಾಯಿತು. ಹೊಗೆ ಬಹಳ ಬಂತು. ಅಣ್ಣಯ್ಯ ಮೂಗು ಅರಳಿಸಿದ.

"ಇದೇನಮ್ಮಯ್ಯ, ಇವತ್ತು ಹೊಗೇಲಿ ದೀಪದ ವಾಸನೆ ಬರ್ತೈತೆ?"

ನಾನು ಅಂಗಳಕ್ಕೆ ನೀರು ಹಾಕುತ್ತಿದ್ದೆ. ಆ ಹೊತ್ತಿನಲ್ಲಿ ಹೇಳಿಬಿಟ್ಟಿದ್ದರೆ ಅವನು ಗಾಡಿ ನಿಲ್ಲಿಸುತ್ತಿದ್ದ, ಬೈಯುತ್ತಿದ್ದ, ಸೈಕಲ್ಲಿಗೋ ಬಸ್ಸಿಗೋ ಪೆಟ್ಟಿಗೆ ಏರಿಸಿಕೊಂಡು ಹೋಗುತ್ತಿದ್ದ.

"ನಮ್ಮ ಒಲೆ ಹೊಗೆ ಇರ್ಬೇಕು ಅಣ್ಣಯ್ಯ," ಎಂದೆ.

ಇಷ್ಟೇ ನಾನು ಹೇಳಿದ್ದು. ಅವನು ತಲೆಯಾಡಿಸಿ, ಬೆಲ್ ಹೊಡೆದು, "ಬರ್ತೀನಿ" ಎಂದು ಹೋದ. ನಮ್ಮ ಒಲೆಗೆ ನಾನಿನ್ನೂ ಬೆಂಕಿಯನ್ನೇ ಹಾಕಿರಲಿಲ್ಲ.

ಚಿಕ್ಕಬಳ್ಳಾಪುರ ದಾಟಿ ಮಂಚೇನಹಳ್ಳಿಯ ದಾರಿಯ ಏರಿನಲ್ಲಿ ಇಂಜಿನ್ ಕಚ್ಚಿಕೊಂಡು ನಿಂತಿತು. ಹಿಂದಿನ ಚಕ್ರ ಒಮ್ಮೆಲೇ ಬಿಗಿದು ಗಾಡಿ ಅಡ್ಡ ಬಿತ್ತು. ಪೆಟ್ಟಿಗೆ ಒಡೆಯಬಾರದೆಂದು ಅದನ್ನು ತಬ್ಬಿಕೊಳ್ಳಲು ಹೋಗಿ ಅಣ್ಣಯ್ಯ ಬಲಗೈ ಕೊಟ್ಟ. ಮಣಿಕಟ್ಟು ಮುರಿಯಿತು. ಆ ಕೈಯನ್ನು ಎದೆಗೊತ್ತಿಕೊಂಡು, ಎಡಗೈಯಲ್ಲಿ ಪೆಟ್ಟಿಗೆಯನ್ನು ಹೆಗಲಿಗೇರಿಸಿ ನಡೆದನಂತೆ. ದಾರಿಯಲ್ಲಿ ಕಂಡ ಕಂಡ ಬಾವಿಯಲ್ಲಿ ನೀರು ಸೇದಿಸಿಕೊಂಡು ಬಟ್ಟೆ ನೆನೆಸಿದನಂತೆ. ಮೊದಲ ಹಳ್ಳಿ ಮುಟ್ಟುವಾಗ ಸೂರ್ಯ ನೆತ್ತಿಯ ಮೇಲಿದ್ದ.

ಸಂಜೆ ಎತ್ತಿನ ಬಂಡಿಯಲ್ಲಿ ಮನೆಗೆ ಬಂದ. ಗಾಡಿಯನ್ನು ಅದೇ ಬಂಡಿಯಲ್ಲಿ ಮಲಗಿಸಿದ್ದರು, ಮೊದಲ ದಿನ ಬಂದಿತ್ತಲ್ಲ, ಹಾಗೆಯೇ. ಬೀದಿಯಲ್ಲಿ ಈ ಸಲ ಯಾರೂ ತಮಾಷೆ ಮಾಡಲಿಲ್ಲ.

ಆ ಮೊಟ್ಟೆಗಳಲ್ಲಿ ಮರಿಯಾದವು ಕೆಲವೇ. ರೈತರ ತೋಟದಲ್ಲಿ ಸೊಪ್ಪು ಬಲಿತು ನಿಂತಿತ್ತು, ತಿನ್ನಲು ಹುಳವಿರಲಿಲ್ಲ. ಕೋಠಿಯವರು ಅಣ್ಣಯ್ಯನನ್ನು ಮತ್ತೆ ಕರೆಯಲಿಲ್ಲ. ನಾಟಿ ವೈದ್ಯರು ಬಿದಿರು ಪಟ್ಟಿ ಇಟ್ಟು ಕಟ್ಟಿದ ಕೈ ಸೊಟ್ಟಗೇ ಕೂಡಿಕೊಂಡಿತು. ಅನ್ನ ಕಲಸುವಷ್ಟು ಬಂತು, ಗಾಡಿಯ ಹಿಡಿ ತಿರುಗಿಸುವಷ್ಟು ಬರಲಿಲ್ಲ.

ಮೆಕ್ಯಾನಿಕ್ ಸಾಹೇಬರು ಬಂದು ಇಂಜಿನ್ ಬಿಚ್ಚಿದರು. ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅವರು ಒಳಗೆ ಬೆರಳಾಡಿಸಿ ಅಂಟು ಅಂಟಾದ ಕರಿಯನ್ನು ತೋರಿಸಿದರು.

"ಯಾವ ಎಣ್ಣೆ ಹಾಕ್ತಿದ್ದೆ ಭಾಯಿ? ಇದು ಬರೀ ಇಂಜಿನ್ ಎಣ್ಣೆ ಅಲ್ಲ. ಯಾರೋ ಏನೋ ಕಲ್ಸವ್ರೆ."

ಅಣ್ಣಯ್ಯ ಗೂಡಿನಲ್ಲಿದ್ದ ಸೀಸೆಯ ಕಡೆ ನೋಡಿದ. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಬಹುಶಃ ಅಲ್ಲೇ ಕುಸಿದು ಎಲ್ಲ ಹೇಳಿಬಿಡುತ್ತಿದ್ದೆ... ಹಾಗೆಂದು ಅಂದುಕೊಳ್ಳುತ್ತೇನೆ.

"ಅಂಗಡಿಯವನು ಕಲ್ಸವ್ನೆ. ಆದ್ರೂ ತಪ್ಪು ನಂದೇ ಸಾಹೇಬ್ರೇ," ಎಂದ. "ಅಗ್ಗಕ್ಕೆ ಸಿಗುತ್ತೆ ಅಂತ ಚಿಲ್ಲರೆ ಎಣ್ಣೆಗೆ ಆಸೆಪಟ್ಟೆ. ಎಲ್ಲಾದ್ರಲ್ಲೂ ಉಳ್ಸಕ್ಕೆ ಹೋದೆ ನೋಡಿ."

ಸಾಹೇಬರು ಬಟ್ಟೆಯಲ್ಲಿ ಕೈ ಒರೆಸಿಕೊಂಡರು. ಹೊಸ ಪಿಸ್ಟನ್ ಪರದೇಶದಿಂದ ಬರಬೇಕಿತ್ತು. ಗಾಡಿ ಹಿತ್ತಲ ನುಗ್ಗೆ ಮರದ ಕೆಳಗೆ ನಿಂತಿತು. ಅಣ್ಣಯ್ಯ ಎಷ್ಟೋ ದಿನ ಎಡಗೈಯಲ್ಲಿ ಅದನ್ನು ಒರೆಸಿದ. ಕೊನೆಗೆ ಗುಜರಿಯವರು ತೂಕಕ್ಕೆ ಹಾಕಿ ಒಯ್ದರು. ಅವನು ರೇಷ್ಮೆ ಗೂಡಿನ ವ್ಯಾಪಾರಿಗಳ ಮಳಿಗೆಯಲ್ಲಿ ಕಸ ಆರಿಸುವ ಕೆಲಸಕ್ಕೆ ಸೇರಿದ.

ಅಷ್ಟಕ್ಕೇ ಮುಗಿಯಲಿಲ್ಲ. ಒಮ್ಮೆ ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಆ ಎಣ್ಣೆ ಅಂಗಡಿಯವರು ಎದುರಾದರು. ವಯಸ್ಸಾದವರು. "ಏಮಪ್ಪಾ, ಅಂಗಡಿ ಕಡೆ ಬರೋದೇ ಬಿಟ್ಟೆ? ಕೈಗೇನಾಯ್ತು?" ಎಂದು ಅಕ್ಕರೆಯಿಂದ ಕೇಳಿದರು. ಯಾರ ಜೊತೆಗೂ ಮುಖ ಮುರಿಯದ ಅಣ್ಣಯ್ಯ ಅವತ್ತು ಮುಖ ತಿರುಗಿಸಿದ. ಅವರು ಪೆಚ್ಚಾಗಿ ನನ್ನ ಕಡೆ ನೋಡಿದರು. ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದೆ.

ಯಾಕೆ ಹೇಳಲಿಲ್ಲ ಎಂದರೆ ಮೊದಲು ಅಮ್ಮನ ಭಯ. ಆಮೇಲೆ ಅವನ ಸೊಟ್ಟ ಕೈಯ ಭಯ. ದಿನ ಕಳೆದಷ್ಟೂ, ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂಬ ಪ್ರಶ್ನೆಯ ಭಯ.

ಮದುವೆಯಾಗಿ ಚಿಕ್ಕಬಳ್ಳಾಪುರಕ್ಕೆ ಬಂದೆ. ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋದಾಗ ಅಣ್ಣಯ್ಯ ಈ ಒಳಲೆಯನ್ನು ತಂದು ನನ್ನ ಮಂಚದ ಮೇಲಿಟ್ಟ. ಚಿನ್ನದ ಹಾಗೆ ಹೊಳೆಯುತ್ತಿತ್ತು.

"ಮೂರು ದಿನ ಹುಣಸೇಹಣ್ಣಲ್ಲಿ ತಿಕ್ಕಿವ್ನಿ ಕಣಮ್ಮಯ್ಯ. ವಾಸನೆ ಹೋಗೈತೆ ನೋಡು."

ಎಡಗೈಯಲ್ಲಿ ತಿಕ್ಕಿದ್ದ. ನಾನು ಜೋರಾಗಿ ಅತ್ತೆ. ಹಸಿ ಬಾಣಂತಿ ಅಳಬಾರದು ಎಂದು ಅಮ್ಮ ಗದರಿದಳು. "ಅಣ್ಣಯ್ಯ, ಆ ಎಣ್ಣೆ..." ಎಂದು ಶುರು ಮಾಡಿದೆ. ಶುರು ಮಾಡಿದ್ದು ನಿಜ.

"ಅದ್ಯಾಕೆ ಈಗ? ಚಿಲ್ಲರೆ ಎಣ್ಣೆ ತಂದಿದ್ದು ನಾನು. ನೀನ್ಯಾಕೆ ಅಳ್ತೀಯಾ? ಬಿಡು," ಎಂದು ಮಗುವಿನ ಕೆನ್ನೆ ಮುಟ್ಟಿ ಎದ್ದು ಹೋದ. ನಾನು ಬಿಟ್ಟುಬಿಟ್ಟೆ. ನನ್ನ ಯಾವ ಮಗುವಿಗೂ ಆ ಒಳಲೆಯಲ್ಲಿ ಒಂದು ತೊಟ್ಟು ಕುಡಿಸಲಿಲ್ಲ.

ಅವನು ತೀರಿಹೋಗಿ ಬಹಳ ವರ್ಷವಾಯಿತು. ಮದುವೆಯಾಗಲಿಲ್ಲ. ಕೊನೆಯವರೆಗೂ, ಬೀದಿಯಲ್ಲಿ ಯಾರಾದರೂ ಹೊಸ ಗಾಡಿ ತಂದರೆ ಹತ್ತಿರ ಹೋಗಿ ಸೀಟು ಸವರಿ, "ಎಲ್ಲಾದ್ರಲ್ಲೂ ಉಳ್ಸು ಕಣಪ್ಪ, ಎಣ್ಣೇಲಿ ಮಾತ್ರ ಉಳಿಸ್ಬೇಡ. ನಾನು ಕೆಟ್ಟಿದ್ದು ಅದ್ರಿಂದಾನೇ," ಎಂದು ಹೇಳುತ್ತಿದ್ದನಂತೆ. ನನ್ನ ತಪ್ಪನ್ನು ತನ್ನದೆಂದು ಊರಿಗೆಲ್ಲ ಹೇಳಿಕೊಂಡು ಹೋದ. ಎಣ್ಣೆ ಅಂಗಡಿಯವರು ಅವನಿಗಿಂತ ಮೊದಲೇ ಹೋಗಿದ್ದರು. ಇನ್ನು ನಾನು ಹೇಳಿದರೂ ಕೇಳಬೇಕಾದವರು ಯಾರೂ ಇಲ್ಲ.

ಟ್ರಂಕಿನ ಪಕ್ಕ ನಾನು ಕೂತೇ ಇದ್ದೆ. ಮೊಮ್ಮಗಳು ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು.

"ಸಿಕ್ತಾ ಅಜ್ಜಿ?"

"ಸಿಕ್ತು ಕಣಮ್ಮ. ಆದ್ರೆ ತೂತಾಗೈತೆ, ಸೋರುತ್ತೆ," ಎಂದೆ.

"ಹೋಗ್ಲಿ ಬಿಡು, ಸ್ಟೀಲಿಂದು ತರಿಸ್ತೀನಿ," ಎಂದು ಅವಳು ಹೋದಳು.

ಅವಳು ಹೋದ ಮೇಲೆ ಒಳಲೆಯನ್ನು ಬಚ್ಚಲಿಗೆ ತೆಗೆದುಕೊಂಡು ಹೋದೆ. ಅಂಚಿನವರೆಗೆ ನೀರು ತುಂಬಿ, ಅಂಗೈಯ ಮೇಲಿಟ್ಟುಕೊಂಡು ಬಹಳ ಹೊತ್ತು ನಿಂತೆ. ತಳದಿಂದ ಒಂದು ಹನಿಯೂ ಸೋರಲಿಲ್ಲ.