ಹೆಗಲಿಗೆ ಹೊಲಿದ ವೇಲ್

ಅತ್ತಿಗೆಯ ಹೊಲಿಗೆ ಯಂತ್ರದ ಪಕ್ಕ ಯಾವಾಗಲೂ ತುಂಡು ಬಟ್ಟೆಗಳ ಗಂಟೊಂದು ಇರುತ್ತದೆ. ಅದರೊಳಗೆ ನಾನು ಈಗ ಕೈ ಹಾಕುವುದಿಲ್ಲ. ಹತ್ತಿ, ಲೈನಿಂಗ್, ಸ್ಯಾಟಿನ್ ಯಾವುದೂ ಏನೂ ಮಾಡುವುದಿಲ್ಲ. ಸಣ್ಣ ಮರಳು ಸವರಿದ ಹಾಗಿರುವ ಕ್ರೇಪ್ ತುಂಡು ಬೆರಳಿಗೆ ಸಿಕ್ಕರೆ ಮಾತ್ರ ಕಿವಿಯಲ್ಲಿ ಹಾರ್ನ್ ಶುರುವಾಗುತ್ತದೆ. ನನ್ನ ಸ್ಕೂಟಿಯದೇ ಹಾರ್ನ್.

ನಮ್ಮಪ್ಪ ಧಾರವಾಡದ ಕಡೆಯಿಂದ ದಾಂಡೇಲಿಗೆ ಕಾಗದದ ಕಾರ್ಖಾನೆಯ ಕೆಲಸಕ್ಕೆ ಬಂದವರು. ಈಗ ಅದೇ ಕೆಲಸ ಅಣ್ಣನದು. ಅವನ ಹೆಂಡತಿಯನ್ನು ನಾನೂ ತಂಗಿಯೂ ವೈನಿ ಎಂದು ಕರೆಯುತ್ತೇವೆ. ಸುತ್ತಲಿನ ಮನೆಗಳ ಹೆಂಗಸರಿಗೆಲ್ಲ ಅವರೇ ಹೊಲಿದುಕೊಡುವುದು. ಬಟ್ಟೆ ಹರಿದರೂ ವೈನಿಯ ಹೊಲಿಗೆ ಬಿಡುವುದಿಲ್ಲ ಎಂದು ನಮ್ಮ ಓಣಿಯಲ್ಲಿ ಹೇಳುತ್ತಿದ್ದರು. ಈಗ ನಮ್ಮೆದುರು ಆ ಮಾತನ್ನು ಯಾರೂ ಆಡುವುದಿಲ್ಲ.

ತಂಗಿಗೆ ಹಳಿಯಾಳದ ಹತ್ತಿರದ ಒಂದು ಮನೆಯಿಂದ ಸಂಬಂಧ ಬಂದಿತ್ತು. ಹುಡುಗ ಒಪ್ಪಿದ್ದ, ಇವಳೂ ಒಪ್ಪಿದ್ದಳು. ಅವರ ಮನೆಯ ಹಿರಿಯರು ಒಮ್ಮೆ ಹುಡುಗಿಯನ್ನು ನೋಡಿದರೆ ಮಾತು ಮುಗಿದಂತೆ. ಅದಕ್ಕೆ ಹೊಸ ಚೂಡಿದಾರ ಬೇಕೆಂದು ವೈನಿ, ತಂಗಿ, ನಾನು ಮೂವರೂ ಹಳಿಯಾಳದ ಪೇಟೆಗೆ ಹೋದೆವು. ಅಂಗಡಿಯವನು ಮೊದಲು ಹರಡಿದ್ದು ಪಾಲಿಸ್ಟರ್ ಕ್ರೇಪ್. ವೈನಿ ಒಂದು ಮೂಲೆಯನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟರು, ಬೆಳಕಿಗೆ ಹಿಡಿದರು, ಮೈಗೆ ಗಾಳಿಯಾಡುವುದಿಲ್ಲ ಎಂದು ಮಡಚಿಟ್ಟರು. ಕೊನೆಗೆ ಆರಿಸಿದ್ದು ರೇಯಾನಿನ ಕ್ರೇಪ್, ಮಾಗಿದ ನೇರಳೆ ಹಣ್ಣಿನ ಬಣ್ಣದ್ದು. ಅಂಚಿನಿಂದ ಒಂದು ಎಳೆ ಎಳೆದು ನಮಗೆ ತೋರಿಸಿದರು. ಬಿಟ್ಟ ಕೂಡಲೇ ಅದು ಸುರುಳಿ ಸುತ್ತಿಕೊಂಡಿತು. ಹಗ್ಗಕ್ಕೆ ಹಾಕಿದ ಹಾಗೆ ನೂಲಿಗೆ ಹುರಿ ಹಾಕಿರುತ್ತಾರೆ, ಆ ಹುರಿಯಿಂದಲೇ ಬಟ್ಟೆಗೆ ಈ ಸಣ್ಣ ಸುಕ್ಕು ಬರುತ್ತದೆ ಎಂದರು. ಹಗ್ಗ ಎಂಬ ಮಾತು ಅಂದು ಬರೀ ಮಾತಾಗಿತ್ತು.

ಆ ಬಟ್ಟೆಯನ್ನು ಅವರು ಕೂಸನ್ನು ನೋಡಿಕೊಂಡ ಹಾಗೆ ನೋಡಿಕೊಂಡರು. ಕತ್ತರಿಸುವ ಮೊದಲು ಬಕೆಟ್ಟಿನಲ್ಲಿ ನೆನೆಹಾಕಿ, ಹಿಂಡದೆ, ನೆರಳಲ್ಲಿ ಹರವಿದರು. ಒಣಗಿದಾಗ ಉದ್ದದಲ್ಲಿ ಒಂದು ಅಂಗೈಯಗಲ ಕಡಿಮೆಯಾಗಿತ್ತು. ಈ ಜಾತಿಯ ಬಟ್ಟೆ ತೊಯ್ದಾಗಲೆಲ್ಲ ಬಿಗಿಯುತ್ತದೆ, ಮೇಲೊಂದು ತೆಳು ಅರಿವೆ ಹಾಸಿ, ಉಲ್ಟಾ ಕಡೆಯಿಂದ ಇಸ್ತ್ರಿ ಮಾಡಿ ಮತ್ತೆ ದಾರಿಗೆ ತರಬೇಕು ಎಂದು ತಂಗಿಗೆ ಹೇಳಿಕೊಟ್ಟರು. ಸೂಜಿಯ ಕೆಳಗೆ ಬಟ್ಟೆ ಜಾರದಿರಲೆಂದು ಹಳೆಯ ಪೇಪರಿನ ಪಟ್ಟಿ ಇಟ್ಟು ಹೊಲಿದು, ಆಮೇಲೆ ಅದನ್ನು ಹರಿದು ತೆಗೆದರು.

ಹಾಕಿ ನೋಡಿದ ದಿನ ದೊಡ್ಡವ್ವ ಬಂದಿದ್ದರು. ಅವರು ನಮ್ಮ ಅವ್ವನ ಅಕ್ಕ. ಹಿರಿಯರ ಮುಂದೆ ಹೆಣ್ಣುಮಕ್ಕಳ ಸೆರಗಾಗಲಿ ವೇಲಾಗಲಿ ಹೆಗಲಿನಿಂದ ಇಳಿಯಬಾರದು ಎಂಬುದು ನಮ್ಮವರಲ್ಲಿ ಗಟ್ಟಿ ರೂಢಿ. ತಂಗಿ ಬಗ್ಗಿ ಚಹಾದ ಲೋಟ ಇಟ್ಟಾಗ ಅದೇ ಕ್ರೇಪಿನ ವೇಲ್ ಜಾರಿತು. ಎತ್ತಿ ಹಾಕಿಕೊಂಡಳು. ಮತ್ತೆ ಜಾರಿತು.

"ಹೆಗಲಮ್ಯಾಲ ಒಂದು ಅರಿವಿ ನಿಲ್ಲಂಗಿಲ್ಲ, ನಾಳೆ ಈಕಿ ಕೈಯಾಗ ಮನಿ ಹೆಂಗ ನಿಂತೀತು?" ಎಂದರು ದೊಡ್ಡವ್ವ.

"ಹಂಗಾದ್ರ ಒಂದು ಮೊಳಿ ಹೊಡದುಬಿಡ್ರಿ ದೊಡ್ಡವ್ವ," ಎಂದಳು ತಂಗಿ.

"ಮೊಳಿ ಯಾಕ, ಹೊಲದ ಬಿಡ್ತೇನಿ ತಗೋ," ಎಂದು ವೈನಿ ನಕ್ಕರು.

ಅದೇನೂ ಹೊಸದಲ್ಲ. ಓಣಿಯ ಹುಡುಗಿಯರು ಕ್ರೇಪ್ ವೇಲ್ ತಂದಾಗಲೆಲ್ಲ ವೈನಿ ಅದರ ಒಂದು ತುದಿಯನ್ನು ನೆರಿಗೆ ಹಿಡಿದು ಎಡ ಹೆಗಲಿಗೆ ಎರಡು ಸಾಲು ಹೊಲಿದುಕೊಡುತ್ತಿದ್ದರು. ಪಿನ್ನು ಹಾಕಿದರೆ ಬಟ್ಟೆ ತೂತಾಗುತ್ತದೆ. ಹೊಲಿದರೆ ಚೆಂದ, ಮತ್ತೆ ಮತ್ತೆ ಕೈ ಹೋಗುವ ಕೆಲಸವಿಲ್ಲ. ತಂಗಿಯದನ್ನೂ ಹಾಗೇ ಹೊಲಿದರು, ತಮ್ಮ ಮನೆಯವಳದೆಂದು ಇನ್ನೂ ಒಂದು ಸಾಲು ಜಾಸ್ತಿ.

ಹುಡುಗನ ಮನೆಗೆ ಹೊರಟ ದಿನ ದೊಡ್ಡವ್ವ ಮುಂಚೆಯೇ ಬಸ್ಸು ಹಿಡಿದಿದ್ದರು. ಅಣ್ಣನ ಬೈಕಿನ ಹಿಂದೆ ತಂಗಿ, ನನ್ನ ಸ್ಕೂಟಿಯ ಹಿಂದೆ ಮಡಿಲಲ್ಲಿ ಉಂಡೆಯ ಡಬ್ಬಿ ಇಟ್ಟುಕೊಂಡ ವೈನಿ. ನನ್ನ ಸ್ಕೂಟಿ ಹಳಿಯಾಳ ಮುಟ್ಟುವುದರೊಳಗೆ ಅಲ್ಲಿ ಊಟ ಮುಗಿದಿರುತ್ತದೆ ಎಂದು ಅಣ್ಣ ಬಾಗಿಲಲ್ಲೇ ಚಾಷ್ಟಿ ಮಾಡಿದ್ದ. ಗಾಳಿ, ಧೂಳು ಎಂದು ತಂಗಿ ವೇಲನ್ನು ಕೊರಳಿಗೆ ಒಂದು ಸುತ್ತು ಸುತ್ತಿ, ಉಳಿದದ್ದನ್ನು ಬಲ ತೊಡೆಯ ಕೆಳಗೆ ಸಿಕ್ಕಿಸಿ, ಎರಡೂ ಕಡೆ ಕಾಲು ಹಾಕಿ ಕುಳಿತಳು.

ಕಾಡು ಮುಗಿದು ಕಬ್ಬಿನ ಹೊಲ ಶುರುವಾಗುವಲ್ಲಿ ರಸ್ತೆ ಕಿತ್ತುಹೋಗಿತ್ತು. ಬೈಕು ಕುಲುಕಿದಾಗ ತೊಡೆಯ ಕೆಳಗಿನ ತುದಿ ಹೊರಬಂತು. ಬೈಕಿನ ಸಾರಿ ಗಾರ್ಡ್ ಇರುವುದು ಎಡಕ್ಕೆ. ಬಟ್ಟೆ ಇಳಿದದ್ದು ಬಲಕ್ಕೆ. ನಾನು ಹಾರ್ನ್ ಒತ್ತಿದೆ, ಒತ್ತುತ್ತಲೇ ಇದ್ದೆ. ಅಣ್ಣನಿಗೆ ನಾನು ಪಂದ್ಯ ಕಟ್ಟುತ್ತಿದ್ದೇನೆ ಅನಿಸಿರಬೇಕು. ಅವನೂ ಹಾರ್ನ್ ಒತ್ತಿ ವೇಗ ಹೆಚ್ಚಿಸಿದ. ತಂಗಿ ಹಿಂದೆ ತಿರುಗಿ ನನಗೆ ಕೈ ಬೀಸಿದಳು.

ಆ ಬೀಸಿದ ಕೈಯನ್ನು ನಾನು ಎಷ್ಟು ಸಲ ನೋಡಿದ್ದೇನೋ. ಪಾಠ ಓದುವಾಗ, ಅನ್ನ ಬಸಿಯುವಾಗ, ಬಸ್ಸಿನ ಕಿಟಕಿಯಲ್ಲಿ. ನೋಡಿದಾಗಲೆಲ್ಲ ಕೈ ಮೇಲಿರುವಾಗಲೇ ನಿಲ್ಲಿಸಲು ನೋಡುತ್ತೇನೆ. ನಿಲ್ಲುವುದಿಲ್ಲ. ನೇರಳೆ ತುದಿ ಚಕ್ರದ ಕಡ್ಡಿಗಳೊಳಗೆ ಹೋಗುತ್ತದೆ, ಅದರ ಹಿಂದೆ ಅಂಚು, ಅದರ ಹಿಂದೆ ತಂಗಿ.

ಅವಳು ಕೂಗಲಿಲ್ಲ. ಬೈಕು ಮಗ್ಗುಲಾಗಿ ಉಜ್ಜಿಕೊಂಡು ಹೋಗಿ ನಿಂತಿತು. ಅಣ್ಣ ಅದರಡಿಯಿಂದ ಏಳಲಾರದೆ ಅವಳ ಹೆಸರು ಕರೆಯುತ್ತಿದ್ದ. ನಾವು ಓಡಿಹೋದಾಗ ಅವಳ ತಲೆ ಹಿಂದಿನ ಚಕ್ರಕ್ಕೆ ಆನಿಕೊಂಡಿತ್ತು, ಕಣ್ಣು ತೆರೆದಿತ್ತು. ಕೊರಳಲ್ಲಿ ಬಟ್ಟೆ ಇರಲಿಲ್ಲ, ಒಂದು ಹುರಿ ಇತ್ತು. ಸುಮ್ಮನೆ ಹೊದ್ದ ವೇಲಾಗಿದ್ದರೆ ಅಷ್ಟು ಜಾರುವ ಬಟ್ಟೆ ಕೊರಳು ಬಿಟ್ಟು ಹೋಗುತ್ತಿತ್ತು. ಒಂದು ತುದಿ ಚಕ್ರದಲ್ಲಿ, ಇನ್ನೊಂದು ತುದಿ ಹೆಗಲಲ್ಲಿ. ನಾನು ಹೆಗಲ ಹೊಲಿಗೆಗೆ ಎರಡೂ ಕೈ ಹಾಕಿ ಎಳೆದೆ. ಅದು ಬಿಡಲಿಲ್ಲ. ವೈನಿ ಹೊಲಿಗೆ ಬಿಚ್ಚುವ ಅರ್ಧ ಬ್ಲೇಡು ಮನೆಯಲ್ಲಿ, ಯಂತ್ರದ ಡ್ರಾಯರಿನಲ್ಲಿತ್ತು.

ಕಬ್ಬು ಕಡಿಯುತ್ತಿದ್ದವರು ಹೊಲದಿಂದ ಓಡಿಬಂದರು. ಮುಂದಿದ್ದವನು ನೀರಿನ ಕೊಡ ಹಿಡಿದಿದ್ದ. ಬಿದ್ದವರ ಮುಖಕ್ಕೆ, ಕೊರಳಿಗೆ ನೀರು ಸುರಿಯುವುದು ನಮ್ಮ ಕಡೆ ಎಲ್ಲರೂ ಮೊದಲು ಮಾಡುವ ಉಪಕಾರ.

"ನೀರ ಹಾಕಬ್ಯಾಡ್ರಿ," ಎಂದರು ವೈನಿ. "ತೊಯ್ದರ ಬಿಗಿತೈತಿ. ಮೊದಲ ಕೊಯ್ರಿ."

ಅವನ ಹಿಂದಿನಿಂದ ಸಿದ್ದಿ ಹೆಂಗಸೊಬ್ಬಳು, ನಮ್ಮವ್ವನ ವಯಸ್ಸಿನವಳು, ಕಬ್ಬು ಕಡಿಯುವ ಕೊಯ್ತಾ ಹಿಡಿದು ಮೊಣಕಾಲೂರಿದಳು. "ಒಳಗ ಬೆರಳು ತೂರಸವಾ," ಎಂದಳು. ವೈನಿ ಕೊರಳಿಗೂ ಬಟ್ಟೆಗೂ ನಡುವೆ ಬೆರಳು ತೂರಿಸಿದರು. ಕೊಯ್ತಾ ಬಟ್ಟೆಯನ್ನೂ ಬೆರಳಿನ ಚರ್ಮವನ್ನೂ ಒಟ್ಟಿಗೆ ಕೊಯ್ದಿತು. ಆಮೇಲೆ ತಂಗಿ ಉಸಿರೆಳೆದುಕೊಂಡ ಸದ್ದು. ತೂತು ಬಿದ್ದ ತಿದಿಯ ಸದ್ದು ಅದು. ಅಂಥ ಸದ್ದಿಗೂ ಖುಷಿಪಡಬೇಕಾಗಿ ಬಂತು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅಣ್ಣನ ಕಾಲಿಗೆ ಪಟ್ಟಿ ಕಟ್ಟಿದರು, ತಂಗಿಯ ಜೀವಕ್ಕೇನೂ ಅಪಾಯವಿಲ್ಲ ಎಂದರು. ಗಂಟಲೊಳಗಿನ ದನಿಯ ಪೆಟ್ಟಿಗೆ ಜಜ್ಜಿದೆ, ದನಿ ಎಷ್ಟು ಬರುತ್ತದೋ ಅಷ್ಟೇ ಎಂದರು. ಹುಡುಗನ ಮನೆಯವರು ಹಣ್ಣು ತಂದು ನೋಡಿಹೋದರು. ದನಿ ಬರಲಿ, ಆಮೇಲೆ ಮಾತಾಡೋಣ ಎಂದು ದೊಡ್ಡವ್ವನ ಹತ್ತಿರ ಹೇಳಿದರಂತೆ. ದನಿ ಬಂತು. ಅದು ಅವಳದಾಗಿರಲಿಲ್ಲ. ಅವರು ಮತ್ತೆ ಬರಲಿಲ್ಲ.

ಬಿಚ್ಚಿದ ಬಟ್ಟೆಗಳನ್ನು ಆಸ್ಪತ್ರೆಯವರು ಪ್ಲಾಸ್ಟಿಕ್ ಚೀಲದಲ್ಲಿ ಕೊಟ್ಟಿದ್ದರು. ತಂಗಿಯನ್ನು ಮನೆಗೆ ಕರೆತಂದ ದಿನ ವೈನಿ ಅದನ್ನು ತೆರೆದರು. ವೇಲಿನ ಒಂದು ತುದಿಯನ್ನು ಚಕ್ರ ಅಗಿದಿತ್ತು, ನಡುವೆ ಕೊಯ್ತಾದ ಗಾಯ. ಹೆಗಲ ಭಾಗವನ್ನು ಪಟ್ಟಿ ಕಟ್ಟಿದ ಬೆರಳಿನಿಂದ ಸವರಿ, "ಒಂದ ಎಳಿನೂ ಬಿಟ್ಟಿಲ್ಲ ನೋಡವಾ," ಎಂದರು.

ಮರುದಿನದಿಂದ ಅವರು ಅರ್ಧ ಬ್ಲೇಡನ್ನು ಕಾಗದದಲ್ಲಿ ಸುತ್ತಿಕೊಂಡು ಮನೆ ಮನೆಗೆ ಹೋದರು. ತಾವು ಹೆಗಲಿಗೆ ಹೊಲಿದುಕೊಟ್ಟ ವೇಲನ್ನೆಲ್ಲ ಕೇಳಿ ಇಸಿದುಕೊಂಡು, ಅಲ್ಲೇ ಹೊಸ್ತಿಲಲ್ಲಿ ಕುಳಿತು ಬಿಚ್ಚಿದರು. ಕೆಲವರು ಸುಮ್ಮನೆ ತಂದುಕೊಟ್ಟರು. ಕೆಲವರು ತಾವು ಗಾಡಿಯ ಮೇಲೆ ಕೂರುವುದೇ ಇಲ್ಲ, ಚೆಂದದ ಬಟ್ಟೆ ಯಾಕೆ ಹಾಳು ಮಾಡುತ್ತೀರಿ ಎಂದು ತಕರಾರು ತೆಗೆದರು. ಅಂಥಲ್ಲಿ ಜೊತೆಗಿದ್ದ ತಂಗಿ, "ಕೊಡ್ರಿ," ಎಂದಳು. ಆ ಒಂದು ಮಾತು ಕೇಳಿದ ಮೇಲೆ ಯಾರೂ ತಕರಾರು ಮಾಡಲಿಲ್ಲ.

ಉಳಿದದ್ದು ತಂಗಿಯ ಗೆಳತಿಯದು. ಶಾಲೆಯಿಂದ ಕಾಲೇಜಿನವರೆಗೆ ಒಂದೇ ಬೆಂಚಿನಲ್ಲಿ ಕುಳಿತವಳು. ಮದುವೆಯಾಗಿ ಮುಂಡಗೋಡದ ಕಡೆ, ಚಿಗಳ್ಳಿಯಲ್ಲಿದ್ದಾಳೆ. ವೈನಿ ಫೋನ್ ಮಾಡಿದರು. ಅವಳಿಗೆ ಸುದ್ದಿ ಮುಟ್ಟಿರಲಿಲ್ಲ. ವೇಲಿನ ಮಾತೆತ್ತಿದ ಕೂಡಲೇ ನಗತೊಡಗಿದಳು. ಗಂಡನ ಬೈಕಿನ ಮೇಲೆ ದಿನಾ ಅದನ್ನೇ ಹಾಕಿಕೊಂಡು ಹೋಗುತ್ತಾಳಂತೆ, ಅತ್ತೆಯ ಮುಂದೆ ಒಮ್ಮೆಯೂ ಜಾರಿಲ್ಲವಂತೆ, ಇನ್ನೂ ಎರಡು ಹಾಗೇ ಹೊಲಿದುಕೊಡಬೇಕಂತೆ. ವೈನಿ ಸ್ಪೀಕರ್ ಒತ್ತಿದರು. ತಂಗಿ ಫೋನು ಇಸಿದುಕೊಂಡಳು.

"ಬಿಚ್ಚ ಅದನ್ನ," ಎಂದಳು.

ಆ ಕಡೆ ನಗು ನಿಂತಿತು. "ಯಾರ್ರೀ ಮಾತಾಡೋದು?" ಎಂದು ಗೆಳತಿ ಕೇಳಿದಳು.

ತಂಗಿ ಫೋನನ್ನು ವೈನಿಯ ಕೈಗೆ ಕೊಟ್ಟು ಒಳಗೆ ಹೋಗಿ ಚಪ್ಪಲಿ ತಂದಳು. ಮುಂಡಗೋಡದ ಬಸ್ಸು ಸಿಗುವ ಹೊತ್ತು ಇನ್ನೂ ಮೀರಿರಲಿಲ್ಲ. ವೈನಿ ಡ್ರಾಯರಿನಿಂದ ಬ್ಲೇಡು ತೆಗೆದುಕೊಂಡರು.