ಹಾಡಿನ ಅಡಿಗೊಂದು ಫರ್ಸಿ

ಶಹಾಬಾದಿನ ಕಲ್ಲು ಕೆಲಸದ ಮಲ್ಲಣ್ಣ ಬೆರಳ ಗೆಣ್ಣಿನಿಂದ ಬಡಿದು ಸದ್ದು ಕೇಳಿ, ಒಡಕೆಂದು ಮೂರು ಫರ್ಸಿ ಚಪ್ಪಡಿಗಳನ್ನು ಬದಿಗೆ ತಳ್ಳಿದರು. ನಾಲ್ಕನೆಯದು ಒಪ್ಪಿಗೆಯಾಯಿತು. ಎಪ್ಪತ್ತರ ಆ ಹಿರಿಯರು ಕೇಳಿದರು: "ಎದಕ್ಕ ಬೇಕ್ರಿ ಇದು?"

ಹೇಳಿದೆ. ಹೈದರಾಬಾದಿನ ಅಂಗಡಿಯಲ್ಲಿ ರೆಕಾರ್ಡ್ ನುಡಿಸುವ, ಕಾರಿನಷ್ಟು ಬೆಲೆಯ ಟರ್ನ್‌ಟೇಬಲ್ ಒಂದನ್ನು ವರ್ಷಗಟ್ಟಲೆ ಕೈಕಟ್ಟಿ ನಿಂತು ನೋಡಿ ಬಂದವನು ನಾನು. ಅದರ ಪೀಠವೇ ಒಬ್ಬರಿಂದ ಎತ್ತಲಾಗದಷ್ಟು ಭಾರ. ನನ್ನ ಕೈಗೆಟುಕಿದ್ದು ಹಗುರ ಪ್ಲಾಸ್ಟಿಕ್ಕಿನದು. ವಾಡಿಯ ನಮ್ಮ ಮನೆ ಹಿಂದಿನ ಹಳಿಯಲ್ಲಿ ಗೂಡ್ಸ್ ಗಾಡಿ ಹೋದಾಗೆಲ್ಲ ನೆಲ ಅದುರಿ ಮುಳ್ಳು ಜಿಗಿದು, ಅಪ್ಪ ಜೋಪಾನ ಮಾಡಿದ್ದ ರೆಕಾರ್ಡುಗಳಿಗೆ ಗೀರು ಬೀಳುತ್ತಿತ್ತು. ಅದರ ಅಡಿಯಲ್ಲಿಡಲು ಭಾರದ ಕಲ್ಲು ಬೇಕಿತ್ತು.

ಮಲ್ಲಣ್ಣ ನಕ್ಕರು. "ನಮ್ಮಪ್ಪ ಮಂದಿ ಲಗ್ನದಾಗ ರಿಕಾರ್ಡ್ ಹಚ್ಚತಿದ್ದರಿ. ಭಾಳ ಕುಣದ್ರ ಮುಳ್ಳು ಜಿಗೀತಿತ್ತು. ಅದಕ್ಕ ರಿಕಾರ್ಡಿನ ಪೆಟ್ಟಿಗಿ ಸಣ್ಣಾಂವಿದ್ದ ನನ್ನ ತೊಡಿ ಮ್ಯಾಲ ಇಡತಿದ್ದ. ಹಾಡು ಮುಗಿಯೋತನಕ ನಾ ಉಸಿರು ಸೈತ ಬಿಡ್ತಿದ್ದಿಲ್ರಿ."

ಈಗ ಅಡಿಯಲ್ಲಿ ಆ ಫರ್ಸಿ ಇದೆ; ಗಾಡಿ ಹೋದರೂ ಮುಳ್ಳು ಅಲುಗುವುದಿಲ್ಲ. ಆದರೂ ದೂರದಲ್ಲಿ ಗಾಡಿಯ ಸದ್ದು ಕೇಳಿದೊಡನೆ, ಹಾಡಿನ ಮುಂದೆ ಕುಳಿತ ನಾನು ಉಸಿರು ಬಿಗಿಹಿಡಿಯುತ್ತೇನೆ.